ಗಂಗೊಳ್ಳಿ ಅಕ್ಕನ ಊರಿಗೆ

ಮೇ ತಿಂಗಳ ಕೊನೆಯ ವಾರ ನಮ್ಮ ಮನೆಗೆ ಗಂಗೊಳ್ಳಿ ಅಕ್ಕ ಬರುತ್ತಿದ್ದರು. ಗಂಗೊಳ್ಳಿ ಅಂದರೆ ಘಟ್ಟದ ಕೆಳಗೆ, ಕುಂದಾಪುರದ ಎದುರಿಗಿರುವ ಮೀನುಗಾರರ ಊರು. ರಿಪ್ಪನ್‌ಪೇಟೆಗೂ ಹೊಸನಗರಕ್ಕೂ ನಡುವಿನ ಒಂದು ಸಣ್ಣ ಊರು ನಮ್ಮದು. ಬಸ್ ಇಳಿದು ಅರ್ಧ ಮೈಲಿ ನಡೆಯಬೇಕು. ತಲೆ ಮೇಲೆ ಒಂದು ಬುಟ್ಟಿ, ಸೊಂಟಕ್ಕೆ ಇನ್ನೊಂದು. ಗದ್ದೆ ಅಂಚಿನ ಮೇಲೆ ಅವರು ಕಾಣಿಸುವ ಮೊದಲೇ ಒಣಮೀನಿನ ವಾಸನೆ ಬರುತ್ತಿತ್ತು, ನಾಯಿ ಬೊಗಳುತ್ತಿತ್ತು, ಬೆಕ್ಕು ಜಗುಲಿಗೆ ಬಂದು ಕೂರುತ್ತಿತ್ತು. ಅಮ್ಮ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಕೊಟ್ಟು ಎದುರಿಗೆ ಕೂರುತ್ತಿದ್ದಳು. ಆಮೇಲೆ ವ್ಯಾಪಾರ. ದುಡ್ಡು ಕೈ ಬದಲಾಗಿದ್ದನ್ನು ನಾನು ನೋಡಿದ್ದು ಕಡಿಮೆ. ಅಮ್ಮ ಕೊಡುತ್ತಿದ್ದದ್ದು ಅಕ್ಕಿ, ಕಾಳುಮೆಣಸು, ಒಂದೊಂದು ವರ್ಷ ಸೂಜಿಮೆಣಸು. ಅವರು ಕೊಡುತ್ತಿದ್ದದ್ದು ಒಣ ಬಂಗುಡೆ, ಒಣ ಸಿಗಡಿ. ಅಷ್ಟು ಇದ್ದರೆ ನಮ್ಮ ಮಳೆಗಾಲ ಕಳೆಯಿತು ಅಂತಲೇ ಲೆಕ್ಕ. ಜುಲೈಯಲ್ಲಿ ಹಳ್ಳ ತುಂಬಿ ಪೇಟೆ ದಾರಿ ಬಂದ್ ಆದಾಗ, ಒಲೆಯ ಕೆಂಡದ ಮೇಲೆ ಒಂದು ಒಣ ಬಂಗುಡೆ ಸುಟ್ಟು ಗಂಜಿ ಪಕ್ಕ ಇಟ್ಟರೆ ಇಡೀ ಮನೆ ಆ ವಾಸನೆಯಲ್ಲಿ ಬೆಚ್ಚಗಾಗುತ್ತಿತ್ತು.

ಅವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ. ಎಲ್ಲರಿಗೂ ಅವರು ಗಂಗೊಳ್ಳಿ ಅಕ್ಕ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅವರು ಬರುವುದು ನಿಂತಿತು. ಯಾಕೆ ನಿಂತಿತು ಅಂತ ಕೇಳಲು ಅವರ ವಿಳಾಸವೂ ಇರಲಿಲ್ಲ.

ಹೋದ ವರ್ಷ ದಸರಾ ಮುಗಿದ ಮೇಲೆ, ಶಿವಮೊಗ್ಗದ ಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಹೇಳಿದಳು. "ಘಾಟಿ ಎಷ್ಟು ಸಲ ಇಳಿದೀನಿ ನೋಡು. ಕೊಲ್ಲೂರಿಗೆ ಹೋದೆ, ಧರ್ಮಸ್ಥಳಕ್ಕೆ ಹೋದೆ, ಮಣಿಪಾಲಕ್ಕಂತೂ ಲೆಕ್ಕವಿಲ್ಲ. ಗಂಗೊಳ್ಳಿ ಒಂದು ನೋಡಲೇ ಇಲ್ಲ." ಅಮ್ಮನಿಗೆ ಎಪ್ಪತ್ನಾಲ್ಕು. ಏನನ್ನೂ ಕೇಳುವವಳಲ್ಲ. ಮರುದಿನ ಶನಿವಾರ. ಬೆಳಗ್ಗೆ ಐದೂವರೆಗೆ ಕಾರು ಹೊರಡಿಸಿದೆ.

ಶಿವಮೊಗ್ಗದಿಂದ ಗಂಗೊಳ್ಳಿಗೆ ಹೊಸನಗರದ ಮೇಲೆ ಹೋದರೆ 150 ಕಿಲೋಮೀಟರ್ ಆಸುಪಾಸು. ಆಗುಂಬೆ ಮೇಲೂ ಹೋಗಬಹುದು, ಕೊಲ್ಲೂರಿನ ಮೇಲೂ ಇಳಿಯಬಹುದು. ನಮ್ಮದು ಹುಲಿಕಲ್ ದಾರಿ. ಬಾಳೆಬರೆ ಘಾಟಿ ಅಂತಲೂ ಕರೆಯುತ್ತಾರೆ. ಆಗುಂಬೆಗೆ ಇರುವ ಹೆಸರು ಇದಕ್ಕಿಲ್ಲ. ಸೂರ್ಯಾಸ್ತ ನೋಡುವ ಕಟ್ಟೆ ಇಲ್ಲ, ಕಾರುಗಳ ಸಾಲು ಇಲ್ಲ. ಆದರೆ ಮಳೆ ಮಾತ್ರ ಕಡಿಮೆ ಇಲ್ಲ, ಕೆಲವು ವರ್ಷ ಹುಲಿಕಲ್ಲಿನ ಮಳೆ ಆಗುಂಬೆಯನ್ನೂ ಮೀರುತ್ತದೆ.

ಆಯನೂರು, ರಿಪ್ಪನ್‌ಪೇಟೆ ನಿದ್ದೆಗಣ್ಣಲ್ಲೇ ಕಳೆದವು. ನಮ್ಮೂರಿನ ತಿರುವಿನಲ್ಲಿ ಅಮ್ಮ ಕೈ ಮುಗಿದಳು, ನಿಲ್ಲಿಸು ಅನ್ನಲಿಲ್ಲ. ಹೊಸನಗರದಲ್ಲಿ ಇಡ್ಲಿ ತಿಂದು ಹೊರಟಾಗ ಬಿಸಿಲು ಬಿದ್ದಿತ್ತು. ರಸ್ತೆ ಪಕ್ಕದ ತೋಟಗಳನ್ನು ನೋಡುತ್ತಾ ಅಮ್ಮ ಬೇಜಾರು ಮಾಡಿಕೊಂಡಳು. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟ ದೂರದಿಂದಲೇ ಗೊತ್ತಾಗುತ್ತದೆ. ಸೋಗೆ ಹಳದಿಯಾಗಿ, ತುದಿ ಒಣಗಿ, ಮರ ಎಲ್ಲ ಜ್ವರ ಬಂದವರ ಹಾಗೆ ನಿಂತಿರುತ್ತದೆ. ಅಡಿಕೆಯನ್ನೇ ನಂಬಿದ ಮನೆಗಳು ಇವು. ನೋಡಿಕೊಂಡು ಸುಮ್ನೆ ಹೋಗುವುದು ಕಷ್ಟ.

ನಗರದಲ್ಲಿ ಕೋಟೆ ಎದುರು ಹತ್ತು ನಿಮಿಷ ನಿಲ್ಲಿಸಿದೆ. ಇದು ಹಿಂದಿನ ಬಿದನೂರು, ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರ್‌ನಗರ ಅಂತ ಹೆಸರಿಟ್ಟ, ಆಮೇಲೆ ಬರೀ ನಗರ ಉಳಿಯಿತು. ನಗರ ಅಂದರೆ ಈಗ ಒಂದು ಬಸ್‌ಸ್ಟ್ಯಾಂಡು, ಒಂದಷ್ಟು ಅಂಗಡಿ. ಅಮ್ಮ ಮೆಟ್ಟಿಲು ಹತ್ತಲಾರಳು. ಕಾರಿನಿಂದಲೇ ಗೋಡೆ ನೋಡಿದೆವು. ಆ ಕಪ್ಪು ಕಲ್ಲಿನ ಸಂದಿಯಲ್ಲಿ ಪಾಚಿ, ಹುಲ್ಲು ಬೆಳೆದು ಗೋಡೆ ಪೂರ್ತಿ ಹಸಿರಾಗಿತ್ತು. ಇಷ್ಟು ದಟ್ಟ ಕಾಡಿನ ಮಧ್ಯೆ, ಇಷ್ಟು ಮಳೆಯ ಜಾಗದಲ್ಲಿ ಯಾಕೆ ರಾಜಧಾನಿ ಕಟ್ಟಿದರು ಅಂತ ನನಗೆ ಚಿಕ್ಕಂದಿನಿಂದ ಅನ್ನಿಸುತ್ತಿತ್ತು. ಈ ಸಲ ಘಾಟಿ ಇಳಿದು ಹೊಳೆ ದಾಟಿದ ಮೇಲೆ ಅರ್ಥವಾಯಿತು. ಇಲ್ಲಿ ಕೂತರೆ ಘಟ್ಟದ ಮೇಲಿನ ಮೆಣಸೂ ಕೈಯಲ್ಲಿ, ಕೆಳಗಿನ ಬಂದರೂ ಕೈಯಲ್ಲಿ. ಬಾಗಿಲಲ್ಲಿ ಕೂತ ಹಾಗೆ.

ನಗರ ದಾಟಿ ಮಾಸ್ತಿಕಟ್ಟೆ ಕಡೆ ಹೊರಟರೆ ನೀರಿನ ಊರು ಶುರು. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು, ಯಾಕೆಂದರೆ ಆ ದಿನ ಪೂರ್ತಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೇ.

ಈ ಗುಡ್ಡಗಳ ಮೇಲೆ ಬೀಳುವ ಮಳೆ ಎಲ್ಲಿಗೆ ಹೋಗಬೇಕು? ಪಶ್ಚಿಮಕ್ಕೆ. ಘಟ್ಟದ ಅಂಚಿನಿಂದ ಧುಮುಕಿ, ಐವತ್ತು ಅರವತ್ತು ಕಿಲೋಮೀಟರ್ ಓಡಿ ಸಮುದ್ರ ಸೇರಬೇಕು. ವಾರಾಹಿ, ಚಕ್ರಾ ಎರಡೂ ಹಾಗೇ ಹುಟ್ಟಿದ ಹೊಳೆಗಳು, ಎರಡೂ ಕೊನೆಗೆ ಗಂಗೊಳ್ಳಿಯ ಅಳಿವೆಗೇ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಗೇ, ಹೋಗಿ ಸೇರುತ್ತವೆ. ಅಂದರೆ ನಾವು ಕಾರಿನಲ್ಲಿ ಹೋಗುತ್ತಿದ್ದ ಜಾಗಕ್ಕೆ ನಮಗಿಂತ ಮುಂಚೆ ದಾರಿ ಮಾಡಿದ್ದು ಈ ನೀರು. ಈಗ ಮಾಣಿ ಅಣೆಕಟ್ಟು ಕಟ್ಟಿ ವಾರಾಹಿಯನ್ನು ಮೇಲೆಯೇ ನಿಲ್ಲಿಸಿದ್ದಾರೆ. ಆ ನೀರು ನಾನೂರು ಮೀಟರಿಗೂ ಜಾಸ್ತಿ ಎತ್ತರದಿಂದ ಬೆಟ್ಟದ ಹೊಟ್ಟೆಯೊಳಗೆ ಇಳಿದು, ನೆಲದಡಿಯ ವಿದ್ಯುತ್ ಕೇಂದ್ರದಲ್ಲಿ ಚಕ್ರ ತಿರುಗಿಸಿ, ಹೊಸಂಗಡಿ ಹತ್ತಿರ ಮತ್ತೆ ಹೊಳೆಗೆ ಬೀಳುತ್ತದೆ. 115 ಮೆಗಾವಾಟಿನ ನಾಲ್ಕು ಯಂತ್ರ, ಒಟ್ಟು 460 ಮೆಗಾವಾಟ್. ಮಾಸ್ತಿಕಟ್ಟೆ ಹತ್ತಿರದ ಕುಂಚಿಕಲ್ ಜಲಪಾತ ವಾರಾಹಿ ಧುಮುಕುತ್ತಿದ್ದ ಜಾಗ. ಅಣೆಕಟ್ಟು ಬಂದ ಮೇಲೆ ಮಳೆಗಾಲ ಬಿಟ್ಟರೆ ಅಲ್ಲಿ ಹೆಚ್ಚಾಗಿ ಬಂಡೆ ಮಾತ್ರ. ನೋಡಬೇಕು ಅಂದರೂ ಪಾಸ್ ಬೇಕು.

ವಾರಾಹಿ ನೀರು ಸುತ್ತಿ ಬಳಸಿಯಾದರೂ ತನ್ನ ಹೊಳೆಗೇ ಮರಳುತ್ತದೆ. ಚಕ್ರಾ ಹಾಗಲ್ಲ. ಚಕ್ರಾ, ಸಾವೇಹಕ್ಲು ಅಣೆಕಟ್ಟುಗಳಲ್ಲಿ ತಡೆದ ನೀರನ್ನು ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ಅದು ಶರಾವತಿಯ ನೀರಾಗಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಗಂಗೊಳ್ಳಿಯಲ್ಲಿ ಸೇರಬೇಕಾದ ನೀರು ಬೇರೆ ಊರಿನ ಬಾಗಿಲಲ್ಲಿ ಇಳಿಯುತ್ತದೆ. ಕೆಳಗೆ ಹರಿಯುವ ಚಕ್ರಾ ಹೊಳೆಗೆ ಉಳಿದಿದ್ದು ಅಣೆಕಟ್ಟಿನ ಕೆಳಗಿನ ಕಾಡು ಕೊಟ್ಟಷ್ಟು.

ನಾನು ಈ ಬರಹ ಟೈಪ್ ಮಾಡುತ್ತಿರುವುದೂ ಅದೇ ಕರೆಂಟಿನಲ್ಲಿ ಇರಬಹುದು. ಅಣೆಕಟ್ಟು ಬೇಡವಿತ್ತು ಅಂತ ಸಲೀಸಾಗಿ ಹೇಳುವುದು ನನ್ನಿಂದ ಆಗುವುದಿಲ್ಲ. ಆದರೆ ಒಂದು ಹೊಳೆಯನ್ನು ತಿರುಗಿಸುವಾಗ ಕೆಳಗೆ ಅದಕ್ಕಾಗಿ ಕಾಯುವ ಜನ ಇದ್ದಾರೆ, ಮೀನು ಇದೆ, ಗದ್ದೆ ಇದೆ ಅನ್ನುವುದು ಘಟ್ಟದ ಮೇಲಿನ ನಮಗೆ ಮರೆತೇ ಹೋಗುತ್ತದೆ. ನಮಗೆ ಗೊತ್ತಿರುವ ಮುಳುಗಡೆ ನಮ್ಮದು ಮಾತ್ರ. ಲಿಂಗನಮಕ್ಕಿಯಲ್ಲಿ ನೆಂಟರ ಮನೆ ಮುಳುಗಿತು, ಇಂಥವರ ತೋಟ ಹೋಯಿತು ಅಂತ ಇವತ್ತಿಗೂ ಮಾತಾಡುತ್ತೇವೆ. ಮಾತಾಡಲೇಬೇಕು. ಆದರೆ ಕೆಳಗಿನವರ ನೀರಿನ ಬಗ್ಗೆ ನಮ್ಮ ಜಗುಲಿಯಲ್ಲಿ ಒಂದು ದಿನವೂ ಮಾತು ಬಂದಿದ್ದು ನನಗೆ ನೆನಪಿಲ್ಲ. ಗಂಗೊಳ್ಳಿ ಅಕ್ಕ ಅಲ್ಲೇ ಕೂತಿದ್ದಾಗಲೂ.

ಹುಲಿಕಲ್ ಬರುವ ಹೊತ್ತಿಗೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಘಾಟಿಯಲ್ಲಿ ಚಂಡಿಕಾಂಬೆಯ ಗುಡಿ ಇದೆ. ಬಸ್ಸು, ಲಾರಿ, ಬೈಕು, ಯಾರೇ ಆಗಲಿ ಅಲ್ಲಿ ಒಂದು ಗಳಿಗೆ ನಿಂತು ಕೈ ಮುಗಿದೇ ಮುಂದೆ ಹೋಗುವುದು. ನಮ್ಮ ಮುಂದಿದ್ದ ಕುಂದಾಪುರದ ಬಸ್ಸಿನ ಕಂಡಕ್ಟರ್ ಓಡಿ ಇಳಿದು, ಕಾಣಿಕೆ ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು, ಡ್ರೈವರಿಗೂ ಒಂದು ಚೂರು ತಂದುಕೊಟ್ಟ. ಅಮ್ಮ ಕಾರಿನಿಂದ ಇಳಿದು ತುಂಬ ಹೊತ್ತು ಕಣ್ಣು ಮುಚ್ಚಿ ನಿಂತಳು.

ಯಾಕೆ ಅಂತ ನನಗೆ ಗೊತ್ತಿತ್ತು. ಹೊಸನಗರ ಸೀಮೆಯವರಿಗೆ ಈ ಘಾಟಿ ಅಂದರೆ ಮೊದಲು ಆಸ್ಪತ್ರೆ ದಾರಿ. ದೊಡ್ಡ ಕಾಯಿಲೆ ಅಂದರೆ ಮಣಿಪಾಲ. ಹದಿನೈದು ವರ್ಷದ ಹಿಂದೆ ಅಪ್ಪನ ಎದೆ ನೋವು ಜಾಸ್ತಿಯಾದಾಗ ರಾತ್ರಿ ಹನ್ನೊಂದಕ್ಕೆ ಆಂಬುಲೆನ್ಸಿನಲ್ಲಿ ಇದೇ ತಿರುವುಗಳನ್ನು ಇಳಿದಿದ್ದೆವು. ಹೊರಗೆ ಏನೂ ಕಾಣುತ್ತಿರಲಿಲ್ಲ, ಮಳೆ ಸದ್ದು ಮಾತ್ರ. ಪ್ರತಿ ತಿರುವಿನಲ್ಲಿ ಅಪ್ಪನ ತಲೆ ಒಂದು ಕಡೆ ವಾಲುತ್ತಿತ್ತು, ಅಮ್ಮ ಎರಡೂ ಕೈಯಲ್ಲಿ ಹಿಡಿದು ನೇರ ಮಾಡುತ್ತಿದ್ದಳು. ಅಪ್ಪ ಬದುಕಿ ಬಂದರು. ಆಮೇಲೆ ಒಂಬತ್ತು ವರ್ಷ ಇದ್ದರು, ತೋಟ ಮಾಡಿದರು, ಮೊಮ್ಮಗಳನ್ನು ಎತ್ತಿ ಆಡಿಸಿದರು. ಆದರೆ ಬರೀ ಘಾಟಿ ನೋಡಲಿಕ್ಕೆ ಅಂತ ನಾವು ಒಂದು ಸಲವೂ ಇಲ್ಲಿಗೆ ಬಂದಿರಲಿಲ್ಲ.

ಈ ಸಲ ನೋಡಿದೆವು. ಎರಡನೇ ಗೇರಿನಲ್ಲೇ ಇಳಿಸಿದೆ, ಅವಸರ ಇರಲಿಲ್ಲ. ಅಮ್ಮ ಮೂಗಿನ ಹತ್ತಿರ ಲಿಂಬೆಹಣ್ಣು ಹಿಡಿದು, ಕಿಟಕಿ ಪೂರ್ತಿ ಇಳಿಸಿ, ಒಂದೊಂದೇ ಮರ ಗುರುತು ಹಿಡಿಯುತ್ತಾ ಬಂದಳು. ಇದು ಬೈನೆ, ಇದು ಹೆಬ್ಬಲಸು, ಅದು ಧೂಪದ ಮರ, ಅಗೋ ರಾಮಪತ್ರೆ. ಮೇಲಿನ ಕೊಂಬೆ ರಸ್ತೆ ದಾಟಿ ಆಚೆ ಮರಕ್ಕೆ ಸೇರಿದ ಕಡೆ ಬೆಳಕು ಹಸಿರಾಗಿ ಬೀಳುತ್ತಿತ್ತು. ಮಳೆ ಮುಗಿದು ತಿಂಗಳಾಗುತ್ತಾ ಬಂದಿದ್ದರೂ ಧರೆಯಿಂದ ನೀರು ಒಸರುವುದು ನಿಂತಿರಲಿಲ್ಲ.

ಒಂದು ತಿರುವಿನಲ್ಲಿ "ನಿಲ್ಸು ಮಾರಾಯ, ಅಬ್ಬಿ ಇದೆ" ಅಂದಳು. ಮಲೆನಾಡಿನವರಿಗೆ ಅಬ್ಬಿ ಅಂದರೆ ಗೊತ್ತು, ಗುಡ್ಡದಿಂದ ತಾನಾಗಿ ಹರಿದು ಬರುವ ನೀರು. ಯಾರೋ ಬೈನೆ ಮರದ ದೋಣಿ ಸಿಕ್ಕಿಸಿದ್ದರು. ಅದರ ತುದಿಯಲ್ಲಿ ನೀರು ಹೆಬ್ಬೆರಳು ದಪ್ಪಕ್ಕೆ, ಒಂಚೂರೂ ಅಲುಗದೆ, ಗಾಜಿನ ಕೋಲಿನ ಹಾಗೆ ಬೀಳುತ್ತಿತ್ತು. ಬೀಳುವ ಜಾಗದ ಕಲ್ಲು ಬಟ್ಟಲಿನ ಹಾಗೆ ಸವೆದಿತ್ತು. ಆ ಬಟ್ಟಲಿನಲ್ಲಿ ಉಗುರಿನಷ್ಟು ದೊಡ್ಡ ಒಂದು ಏಡಿ. ನೆರಳು ಬಿದ್ದ ಕೂಡಲೇ ಕಲ್ಲಿನಡಿ ಸರಿಯಿತು, ಮತ್ತೆ ಒಂದು ಕೊಂಡಿ ಮಾತ್ರ ಹೊರಗೆ ಚಾಚಿತು. ಅಮ್ಮ ಬಾಟಲಿಯಲ್ಲಿದ್ದ ಫಿಲ್ಟರ್ ನೀರು ಚೆಲ್ಲಿ ಅಬ್ಬಿ ನೀರು ತುಂಬಿಸಿಕೊಂಡಳು. ಕುಡಿದರೆ ಹಲ್ಲು ಜುಮ್ ಅನ್ನುವಷ್ಟು ತಣ್ಣಗಿತ್ತು.

ಹೊಸಂಗಡಿಗೆ ಇಳಿದರೆ ಸೆಕೆ. ಇಷ್ಟು ಹೊತ್ತು ಹೊದ್ದಿದ್ದ ಶಾಲು ತೆಗೆದು ಹಿಂದಿನ ಸೀಟಿಗೆ ಹೋಯಿತು. ಕಾಲು ಗಂಟೆಯಲ್ಲಿ ಊರೇ ಬೇರೆ ಆಗುತ್ತದೆ. ಅಡಿಕೆ ಹೋಗಿ ತೆಂಗು ಜಾಸ್ತಿ. ಮನೆಗಳ ಕೆಂಪು ಮುರಕಲ್ಲಿನ ಗೋಡೆ, ಅಂಗಳದಲ್ಲಿ ಒಣಗಲು ಹರವಿದ ತೆಂಗಿನಕಾಯಿ ಹೋಳು, ಗದ್ದೆಯಲ್ಲಿ ಬಾಗಿದ ಭತ್ತ. ಸಿದ್ದಾಪುರದಲ್ಲಿ ದಾರಿ ಕೇಳಿದರೆ ಉತ್ತರ ಕುಂದಾಪ್ರ ಕನ್ನಡದಲ್ಲಿ ಬಂತು, ಅಮ್ಮನ ಮುಖ ಅರಳಿತು. "ಅಕ್ಕ ಹಿಂಗೇ ಮಾತಾಡ್ತಿದ್ರು" ಅಂದಳು. ಇಲ್ಲಿಂದ ಹತ್ತಿರದಲ್ಲೇ ಕಮಲಶಿಲೆ. ಮಳೆಗಾಲದಲ್ಲಿ ಕುಬ್ಜಾ ಹೊಳೆ ಉಕ್ಕಿ ಬಂದು ಅಲ್ಲಿನ ಬ್ರಾಹ್ಮೀ ದುರ್ಗಾಪರಮೇಶ್ವರಿಯ ಗರ್ಭಗುಡಿಯೊಳಗೇ ನುಗ್ಗುತ್ತದೆ, ಜನ ಅದನ್ನು ದೇವಿಗೆ ಹೊಳೆ ಮಾಡಿಸುವ ಸ್ನಾನ ಅಂತ ಕಾಯುತ್ತಾರೆ. ಆ ಕುಬ್ಜೆಯೂ ಗಂಗೊಳ್ಳಿಗೇ ಹೋಗುವವಳು.

ಕಂಡ್ಲೂರಿನ ಸೇತುವೆ ಮೇಲೆ ವಾರಾಹಿ ಮತ್ತೆ ಸಿಕ್ಕಿತು. ಮೇಲೆ ಅಣೆಕಟ್ಟಿನಲ್ಲಿ ನಿಂತು ಹೋಗಿದ್ದ ನೀರು ಇಲ್ಲಿ ಅಗಲವಾಗಿ, ನಿಧಾನವಾಗಿ, ದೊಡ್ಡ ಹೊಳೆಯಾಗಿ ಹರಿಯುತ್ತಿತ್ತು. ಇದೇ ಹೊಳೆಯ ದಂಡೆಯಲ್ಲಿ ಬಸ್ರೂರು ಇದೆ. ಒಂದು ಕಾಲದಲ್ಲಿ ಹಡಗು ಬರುತ್ತಿದ್ದ ಊರು. ಘಟ್ಟದ ಮೆಣಸು, ಗದ್ದೆಯ ಅಕ್ಕಿ ಇಲ್ಲಿಂದ ಹೊರಗೆ ಹೋಗುತ್ತಿತ್ತು, ಅಕ್ಕಿಗಾಗಿ ಪೋರ್ಚುಗೀಸರು ಇಲ್ಲಿ ಕಾದು ನಿಂತಿದ್ದರು. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ದಾಳಿ ಮಾಡಿದ್ದೂ ಈ ಬಸ್ರೂರಿನ ಮೇಲೆಯೇ. ಗಂಗೊಳ್ಳಿ ಅಕ್ಕ ನಮ್ಮ ಜಗುಲಿಯಲ್ಲಿ ಮಾಡುತ್ತಿದ್ದ ವ್ಯಾಪಾರ ಅದರದ್ದೇ ಬಾಲ ಅಂತ ನನಗೆ ಅನ್ನಿಸುತ್ತದೆ. ರಾಜರು ಹೋದರು, ಪೋರ್ಚುಗೀಸರು ಹೋದರು. ಮೆಣಸು ಕೆಳಗಿಳಿಯುವುದು, ಉಪ್ಪು ಮತ್ತು ಮೀನು ಮೇಲೆ ಹತ್ತುವುದು ಒಂದು ಬುಟ್ಟಿಯಲ್ಲಿ ಉಳಿದುಕೊಂಡಿತ್ತು.

ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ. ನಡುವೆ ನೀರು ಮಾತ್ರ. ಅಲ್ಲಿಂದ ಕೂಗಿದರೆ ಕೇಳುತ್ತೇನೋ ಅನ್ನುವಷ್ಟು ಹತ್ತಿರ. ಆದರೆ ಸೇತುವೆ ಇಲ್ಲ. ಕಾರಿಗೆ ಹೈವೇ ಹಿಡಿದು ಹೆಮ್ಮಾಡಿ, ಮುಳ್ಳಿಕಟ್ಟೆ ಅಂತ ಸುತ್ತಿ ಬರಬೇಕು. ಸುತ್ತಿ ಬಂದೆವು. ಗಂಗೊಳ್ಳಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ ಇಟ್ಟುಕೊಂಡ ಉದ್ದನೆ ಊರು. ಒಳಗೆ ಹೋಗುತ್ತಾ ಹೋಗುತ್ತಾ ರಸ್ತೆ ಕಿರಿದಾಗುತ್ತದೆ. ಒಂದೇ ಬೀದಿಯಲ್ಲಿ ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲ ಸಿಗುತ್ತವೆ. ಅಂಗಡಿ ಮುಂದೆ ನಿಂತ ಐದು ನಿಮಿಷದಲ್ಲಿ ಕುಂದಾಪ್ರ ಕನ್ನಡ, ಕೊಂಕಣಿ, ಉರ್ದು ಮೂರೂ ಕಿವಿಗೆ ಬಿದ್ದವು. ಕೊಂಕಣಿ ಖಾರ್ವಿಗಳ ದೊಡ್ಡ ನೆಲೆ ಇದು, ಸಮುದ್ರವೇ ಅವರ ಹೊಲ.

ಬಂದರಿನ ದಕ್ಕೆಗೆ ಬಂದಾಗ ಹನ್ನೊಂದು ಗಂಟೆ. ನೂರಾರು ಬೋಟು. ನೀಲಿ, ಹಸಿರು, ಕೆಂಪು, ಒಂದಕ್ಕೊಂದು ಒತ್ತಿಕೊಂಡು, ಹಗ್ಗ ಹಾಕಿ ಕಟ್ಟಿದ ದನಗಳ ಹಾಗೆ ನಿಧಾನಕ್ಕೆ ಅಲುಗಾಡುತ್ತಿದ್ದವು. ಎರಡು ಟ್ರಾಲ್ ಬೋಟ್ ಖಾಲಿ ಮಾಡುತ್ತಿದ್ದರು. ಒಳಗಿನಿಂದ ಒಬ್ಬ ಬುಟ್ಟಿ ತುಂಬಿ ಮೇಲೆತ್ತಿದರೆ ಇನ್ನೊಬ್ಬ ಹಿಡಿದು ದಕ್ಕೆಗೆ ಸುರಿಯುತ್ತಾನೆ, ಐಸು ಕರಗಿದ ನೀರು ಕಾಲ ಬುಡಕ್ಕೆ ಹರಿದು ಬರುತ್ತದೆ. ಸುರಿದ ರಾಶಿಯ ಸುತ್ತ ಹೆಂಗಸರು. ಯಾವ ಮೀನನ್ನು ಯಾವ ಬುಟ್ಟಿಗೆ ಹಾಕಬೇಕು ಅಂತ ಅವರ ಕೈಗೆ ಗೊತ್ತು, ಕಣ್ಣು ಬೇರೆಲ್ಲೋ ಇರುತ್ತದೆ. ಅಂಜಲ್ ಒಂದು ಕಡೆ, ಬಂಗುಡೆ ಒಂದು ಕಡೆ, ಸಿಗಡಿ ಬೇರೆ, ಚಿಲ್ಲರೆ ಮೀನು ಬೇರೆ. ಏಲಂ ಕೂಗುವವನ ಬಾಯಿಂದ ಬಂದ ಅಂಕಿಗಳು ನನಗೆ ಒಂದೂ ಅರ್ಥವಾಗಲಿಲ್ಲ. ನಾಲ್ಕು ಜನ ಹೆಂಗಸರು ತಲೆ ಅಲ್ಲಾಡಿಸಿದರು, ಒಬ್ಬರು ಸೆರಗು ಬಿಗಿ ಮಾಡಿಕೊಂಡರು, ವ್ಯಾಪಾರ ಮುಗಿಯಿತು.

ಅಮ್ಮ ಒಂದು ಬಂಗುಡೆ ರಾಶಿ ಮುಂದೆ ನಿಂತುಬಿಟ್ಟಳು. ಹಸಿ ಬಂಗುಡೆಯನ್ನು ಇಷ್ಟು ಹೊಸದಾಗಿ ನಾವು ನೋಡಿಯೇ ಇರಲಿಲ್ಲ. ಶಿವಮೊಗ್ಗದ ಮಾರ್ಕೆಟಿಗೆ ಬರುವಾಗ ಅದು ಬೂದು ಬಣ್ಣ. ಇಲ್ಲಿ ಬೆನ್ನು ನವಿಲುಗರಿಯ ಹಸಿರು ನೀಲಿ, ಮೇಲೆ ಕಪ್ಪು ಗೀಟು, ಹೊಟ್ಟೆ ಹೊಸ ಬೆಳ್ಳಿ ತಟ್ಟೆಯ ಹಾಗೆ. ಬಿಸಿಲಿಗೆ ಬಂದು ಎರಡು ನಿಮಿಷದಲ್ಲಿ ಆ ಹಸಿರು ಮಂಕಾಗುತ್ತಾ ಬಂತು. ನೋಡನೋಡುತ್ತಿದ್ದಂತೆ. ಅಮ್ಮ ಮೆಲ್ಲಗೆ "ಅಯ್ಯೋ" ಅಂದಳು, ಅಷ್ಟೇ.

ಬಲೆ ಹೆಣೆಯುತ್ತಾ ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಅವರದ್ದು ನಾಡದೋಣಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಸಮಯ. ಆಗ ನಾಡದೋಣಿಯವರು ಮಾತ್ರ ಅಳಿವೆ ದಾಟಿ ಹೋಗಿ ಬರುತ್ತಾರೆ. ಮಳೆಗಾಲದ ಅಳಿವೆ ಅಂದರೆ ಒಳಗಿನಿಂದ ನುಗ್ಗುವ ಹೊಳೆಯೂ ಹೊರಗಿನಿಂದ ಬರುವ ತೆರೆಯೂ ಡಿಕ್ಕಿ ಹೊಡೆಯುವ ಜಾಗ. ದೋಣಿ ಮಗುಚುವುದು ಅಲ್ಲೇ. ನಾವು ಮನೆಯೊಳಗೆ ಬೆಚ್ಚಗೆ ಕೂತು ಒಣಮೀನು ಸುಡುತ್ತಿದ್ದ ಅದೇ ತಿಂಗಳುಗಳು ಅವು. ಅವರಿಗೆ ಈಗ ಜಾಸ್ತಿ ಬೇಜಾರು ಬೆಳಕಿನ ಮೀನುಗಾರಿಕೆಯದ್ದು. ಬೋಟಿನ ಮೇಲೆ ಜನರೇಟರ್ ಇಟ್ಟು, ದೊಡ್ಡ ದೊಡ್ಡ ಎಲ್‌ಇಡಿ ದೀಪ ಹಚ್ಚಿ, ಸುತ್ತಲಿನ ಮೀನೆಲ್ಲ ಬೆಳಕಿಗೆ ಬಂದ ಮೇಲೆ ಒಟ್ಟಿಗೆ ಬಾಚುವುದು. ಮರಿ, ತಾಯಿ ಅಂತ ಬಿಡುವುದಿಲ್ಲ. 2017ರಲ್ಲೇ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿದೆ. ನಿಂತಿಲ್ಲ ಅನ್ನುವುದು ಅವರ ನೋವು. ಬಂದರಿನ ಇನ್ನೊಂದು ತುದಿ ತೋರಿಸಿ, 2023ರ ದೀಪಾವಳಿ ಹೊತ್ತಿಗೆ ಬೆಂಕಿ ಬಿದ್ದು ಬೋಟುಗಳು ಸುಟ್ಟುಹೋದದ್ದನ್ನೂ ಹೇಳಿದರು. ಒಂದು ಬೋಟಿನ ಹಿಂದೆ ಎಷ್ಟು ಮನೆ ಅಂತ ಲೆಕ್ಕ ಹಾಕಿ ನೋಡಿ ಅಂದರು.

ನಾನು ನೀರಿನ ವಿಷಯ ಕೇಳಿದೆ. ಘಟ್ಟದ ನೀರು ಕಡಿಮೆಯಾಗಿದ್ದು ಇಲ್ಲಿ ಗೊತ್ತಾಗುತ್ತದಾ ಅಂತ. ಅವರು ಬಲೆಯಿಂದ ಕಣ್ಣೆತ್ತಿ ಹೊಳೆ ಕಡೆ ನೋಡಿದರು. ಮೊದಲ ಮಳೆಗೆ ಹೊಳೆ ಕೆಂಪಾಗಿ ಬಂದು ಸಮುದ್ರ ಸೇರಿದರೆ ಮೀನು ದಡಕ್ಕೆ ಬರುತ್ತದೆ, ಹೊಳೆ ತಂದದ್ದನ್ನು ತಿನ್ನಲಿಕ್ಕೆ. ಹೊಳೆ ಬಡವಾದರೆ ಉಪ್ಪುನೀರು ಒಳಗೆ ಹತ್ತುತ್ತದೆ. ಇಷ್ಟು ಹೇಳಿ ಮತ್ತೆ ಬಲೆಗೆ ಕೈ ಹಾಕಿದರು. ಆಮೇಲೆ ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ, ವಾರಾಹಿ ಅಂತ ಐದೂ ಹೆಸರು ಹೇಳಿದರು, ಮನೆಯ ಹೆಣ್ಣುಮಕ್ಕಳ ಹೆಸರು ಹೇಳಿದ ಹಾಗೆ. ಐದೂ ಸೇರಿ ಇಲ್ಲಿ ಪಂಚಗಂಗಾವಳಿ. ಎದುರಿಗೆ ಅಷ್ಟು ಅಗಲ ನೀರು, ದೂರದಲ್ಲಿ ತೆರೆ ಒಡೆಯುವ ಬಿಳಿ ಗೆರೆ. ಹಿಂದೆ ತಿರುಗಿದರೆ ಪೂರ್ವಕ್ಕೆ, ಬಿಸಿಲಲ್ಲಿ ನೀಲಿಯಾಗಿ, ನಾವು ಬೆಳಗ್ಗೆ ಇಳಿದು ಬಂದ ಘಟ್ಟ. ನಾನು ಅಷ್ಟು ವರ್ಷ ಅದರ ಮೇಲೆ ಬದುಕಿದರೂ ಅದನ್ನು ಹೀಗೆ ಒಂದೇ ನೋಟಕ್ಕೆ, ಒಂದು ಗೋಡೆಯ ಹಾಗೆ ಕಂಡಿರಲಿಲ್ಲ. ಇಲ್ಲಿನವರಿಗೆ ಅದು ದಿನಾ ಕಾಣುತ್ತದೆ.

ಊಟಕ್ಕೆ ಒಂದು ಸಣ್ಣ ಹೋಟೆಲು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಹುರಿದ ಮೀನು. ಸಾರಿನಲ್ಲಿ ನಾಲಿಗೆ ಚುರುಗುಟ್ಟಿಸುವ ಒಂದು ಘಮ ಇತ್ತು. ಅಮ್ಮ ಬೆರಳಲ್ಲಿ ಒಂದು ಕಪ್ಪು ಕಾಯಿ ಎತ್ತಿ ಮೂಸಿ "ಜುಮ್ಮನಕಾಯಿ" ಅಂದಳು. ಕೊಂಕಣಿಯವರು ತೆಪ್ಪಳ ಅನ್ನುತ್ತಾರೆ. ಮುಳ್ಳಿನ ಮರದಲ್ಲಿ ಬಿಡುವ ಕಾಯಿ, ಘಟ್ಟದ ಕಾಡಿನದ್ದು. ಸಮುದ್ರದ ಮೀನಿಗೆ ಕಾಡಿನ ಕಾಯಿ ಬೀಳದಿದ್ದರೆ ಇಲ್ಲಿಯವರಿಗೆ ಸಾರು ಸಾರಲ್ಲ. ಅಮ್ಮ ಬಾಟಲಿಯಲ್ಲಿ ಉಳಿದಿದ್ದ ಅಬ್ಬಿ ನೀರು ಕುಡಿದು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. ಎಪ್ಪತ್ನಾಲ್ಕರಲ್ಲಿ ಅವಳು ಅಷ್ಟು ಊಟ ಮಾಡಿದ್ದು ನೋಡಿ ನನಗೆ ಹೊಟ್ಟೆ ತುಂಬಿತು.

ಒಣಮೀನು ಮಾರುವವರು ರಸ್ತೆ ಬದಿಯಲ್ಲಿ ಕೂತಿದ್ದರು. ಅಮ್ಮ ಎಲ್ಲರನ್ನೂ ಒಂದು ಸುತ್ತು ನೋಡಿಕೊಂಡು ಬಂದು, ತನ್ನದೇ ವಯಸ್ಸಿನ ಒಬ್ಬರ ಮುಂದೆ ಕೂತಳು. ಕುಕ್ಕರಗಾಲಲ್ಲಿ, ಥೇಟ್ ನಮ್ಮ ಜಗುಲಿಯಲ್ಲಿ ಕೂರುತ್ತಿದ್ದ ಹಾಗೆ.

"ಹ್ವಾಯ್, ಎಂತ ಬೇಕಿತ್ತ್? ಎಲ್ಲಾಯ್ತ್ ನಿಮ್ದ್?"

"ಹೊಸನಗರದ ಕಡೆ."

"ಘಟ್ಟದ್ ಮೇಲಾ?"

ಅಮ್ಮ ಹೂಂ ಅಂದಳು. ಒಂದು ಬಂಗುಡೆ ಎತ್ತಿ ಬಗ್ಗಿಸಿ ನೋಡಿದಳು, ಉಪ್ಪು ಎಷ್ಟು ಹಿಡಿದಿದೆ ಅಂತ ಉಗುರಲ್ಲಿ ಕೆರೆದಳು. ರೇಟು ಮಾತಾಯಿತು, ನಾನು ದುಡ್ಡು ಕೊಟ್ಟೆ. ಅಷ್ಟಾದ ಮೇಲೆ ಅಮ್ಮ ಕೈಚೀಲದಿಂದ ಒಂದು ಬಟ್ಟೆ ಗಂಟು ತೆಗೆದಳು. ನನಗೆ ಗೊತ್ತೇ ಇರಲಿಲ್ಲ. ನಮ್ಮ ತೋಟದ ಕಾಳುಮೆಣಸು, ಅರ್ಧ ಸೇರು ಇರಬಹುದು. "ತಗೊಳ್ಳಿ ಅಕ್ಕ" ಅಂದಳು. ಹಿಂದೆ ಇಲ್ಲಿಂದ ಒಬ್ಬರು ನಮ್ಮ ಮನೆಗೆ ಬರುತ್ತಿದ್ದರು, ಹೆಸರು ಗೊತ್ತಿಲ್ಲ, ಬುಟ್ಟಿ ಹೊತ್ತು ಘಾಟಿ ಹತ್ತಿ ಬರುತ್ತಿದ್ದರು ಅಂತ ಹೇಳಲು ಹೋಗಿ, ಅರ್ಧಕ್ಕೆ ಮಾತು ನಿಂತಿತು.

ಆಕೆ ಗಂಟು ಬಿಚ್ಚಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡರು. ಇನ್ನೊಂದು ಅಂಗೈಯಿಂದ ತಿಕ್ಕಿ ಮೂಸಿದರು. ಆಗ ನಾನು ಅವರ ಕೈ ನೋಡಿದೆ. ಉಪ್ಪು ಹಿಡಿದು ಹಿಡಿದು ಬೆರಳಿನ ಸಂದಿ ಬೆಳ್ಳಗಾಗಿ ಒಡೆದಿತ್ತು. "ನಮ್ಮಲ್ಲೂ ಹೋಪರ್ ಇದ್ದಿರ್, ಎಷ್ಟೋ ಜನ" ಅಂದರು. ಅಂದರೆ ಮೇಲೆ ಹೋಗುತ್ತಿದ್ದವರು. ಯಾರು ಅಂತ ಅವರೂ ಹೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ಗಂಟನ್ನು ಮತ್ತೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಬಾಚಿ ಒಂದು ಬೊಗಸೆ ಒಣ ಸಿಗಡಿ ನಮ್ಮ ಚೀಲಕ್ಕೆ ಹಾಕಿದರು. ತೂಕ ಮಾಡಲಿಲ್ಲ.

ಮರವಂತೆಗೆ ಹೋಗೋಣವಾ ಅಂತ ಕೇಳಿದೆ. ಹೈವೇಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ಎಲ್ಲರೂ ಫೋಟೋ ತೆಗೆಯುವ ಜಾಗ, ಹತ್ತು ನಿಮಿಷದ ದಾರಿ. ಅಮ್ಮ ಬೇಡ ಅಂದಳು. ಕತ್ತಲಾಗುವ ಮೊದಲು ಘಾಟಿ ಹತ್ತೋಣ ಅಂದಳು.

ಹತ್ತುವಾಗ ಕಾರಿನ ತುಂಬಾ ಒಣಮೀನಿನ ವಾಸನೆ. ಕಿಟಕಿ ಹಾಕಲೂ ಮನಸ್ಸಾಗಲಿಲ್ಲ, ತೆರೆಯಲೂ ಆಗಲಿಲ್ಲ, ಅರ್ಧ ಇಳಿಸಿಕೊಂಡು ಬಂದೆವು. ಅಬ್ಬಿಯ ತಿರುವಿನಲ್ಲಿ ಮತ್ತೆ ನಿಲ್ಲಿಸಿದೆ. ಅಮ್ಮ ಕೈ ತೊಳೆದಳು, ಮುಖ ತೊಳೆದಳು. ಕೈಯಲ್ಲಿದ್ದ ಮೀನಿನ ಉಪ್ಪು ಆ ಕಲ್ಲಿನ ಬಟ್ಟಲಿಗೆ ಬಿದ್ದು, ಅಲ್ಲಿಂದ ತುಳುಕಿ, ಒಣಗಿದ ಎಲೆಗಳ ಕೆಳಗೆ ಹಾದು, ರಸ್ತೆಯ ಮೋರಿಯೊಳಗೆ ಇಳಿದು ಕೆಳಗೆ ಹೋಯಿತು.

ಮನೆ ಸೇರಿದಾಗ ರಾತ್ರಿ ಒಂಬತ್ತೂವರೆ. ಮರುದಿನ ಬೆಳಗ್ಗೆ ನಾನು ಏಳುವ ಮೊದಲೇ ಅಮ್ಮ ಟೆರೇಸಿನಲ್ಲಿ ಹಳೆ ಚಾಪೆ ಹಾಸಿ, ಬಂಗುಡೆಗಳನ್ನು ಒಂದೊಂದಾಗಿ ಬಿಸಿಲಿಗೆ ಇಡುತ್ತಿದ್ದಳು. ಪಕ್ಕದ ಮನೆ ಬೆಕ್ಕು ಗೋಡೆ ಮೇಲೆ ಬಂದು ಕೂತಿತ್ತು.